ದಾರಿ ಎಷ್ಟು? ಹೊತ್ತು ಎಷ್ಟು?



ನಮ್ಮ ಇರಕಲ್ಲಗಡದಂತಹ ಊರುಗಳಲ್ಲಿಯೂ ಈಗ ವಿಮಾನ ಹತ್ತಿದವರು ಒಬ್ಬರೂ ಇಲ್ಲದ ಓಣಿ ಸಿಗುವುದು ಕಷ್ಟ. ಯಾರೋ ಉಮ್ರಾ ಮಾಡಿ ಬಂದಿರುತ್ತಾರೆ, ಯಾರದೋ ಮಗ ಕೊಲ್ಲಿ ರಾಷ್ಟ್ರದಲ್ಲಿ ಡ್ರೈವರ್ ಆಗಿರುತ್ತಾನೆ, ಯಾರದೋ ಅಳಿಯ ದೂರದ ದ್ವೀಪದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿರುತ್ತಾನೆ. ಪ್ರಯಾಣ ಮಾಡುವವರು ಹೆಚ್ಚಾಗಿ ಗಂಡಸರು. ಆದರೆ ಆ ಪ್ರಯಾಣವನ್ನು ಮನೆಯಲ್ಲಿ ಕುಳಿತು ನಿಮಿಷ ನಿಮಿಷವೂ ಅನುಭವಿಸುವವರು ತಾಯಿ, ಹೆಂಡತಿ, ಅಕ್ಕ ತಂಗಿಯರು. ‘ಈಗ ಎಲ್ಲಿ ಇರಬಹುದು? ಇಳಿದಿರಬಹುದೇ? ಫೋನ್ ಯಾಕೆ ಹತ್ತುತ್ತಿಲ್ಲ?’ ಎಂಬ ಚಿಂತೆಯಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಗೊತ್ತಾಗುವುದಿಲ್ಲ.

ಈ ಚಿಂತೆಯಲ್ಲಿ ಅರ್ಧದಷ್ಟು ಲೆಕ್ಕ ಗೊತ್ತಿಲ್ಲದ್ದರಿಂದ ಬರುವಂಥದ್ದು. ಲೆಕ್ಕವಾದರೂ ದೊಡ್ಡದಲ್ಲ. ಏಳನೆಯ ತರಗತಿ ಓದಿದ ಹುಡುಗಿ ಮಾಡಬಹುದಾದಷ್ಟೇ. ಎರಡು ದ್ವೀಪಗಳ ಉದಾಹರಣೆ ಇಟ್ಟುಕೊಂಡು ಈ ತಿಂಗಳು ಅದನ್ನೇ ನೋಡೋಣ. ನಮ್ಮ ದೇಶದ ಪಶ್ಚಿಮದ ಅರಬ್ಬೀ ಸಮುದ್ರದಲ್ಲಿ ಲಕ್ಷದ್ವೀಪವಿದೆ. ಅಲ್ಲಿ ವಿಮಾನ ನಿಲ್ದಾಣವಿರುವುದು ಅಗತ್ತಿ ಎಂಬ ದ್ವೀಪದಲ್ಲಿ ಮಾತ್ರ. ಪೂರ್ವದ ಬಂಗಾಳ ಕೊಲ್ಲಿಯಲ್ಲಿ ಅಂಡಮಾನ್ ಇದೆ. ಅಲ್ಲಿಯ ಮುಖ್ಯ ನಿಲ್ದಾಣ ಪೋರ್ಟ್ ಬ್ಲೇರ್‌ನಲ್ಲಿ. ಈ ಊರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾಯಿಸಿದ್ದಾರೆ, ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ ಇದೆ. ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ಎಷ್ಟು ದೂರ? ಎಷ್ಟು ಹೊತ್ತಿನ ದಾರಿ?

ದೂರದ ಲೆಕ್ಕ

ಮಕ್ಕಳ ಅಟ್ಲಾಸ್ ತೆರೆಯಿರಿ. ನಕ್ಷೆಯ ಮೇಲೆ ಅಡ್ಡ ಗೆರೆಗಳೂ ಉದ್ದ ಗೆರೆಗಳೂ ಇರುತ್ತವೆ. ಅಡ್ಡ ಗೆರೆ ಅಕ್ಷಾಂಶ, ಉದ್ದ ಗೆರೆ ರೇಖಾಂಶ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 360 ಡಿಗ್ರಿಗಳಿಗೆ ಹಂಚಿದರೆ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಬರುತ್ತದೆ. ಭೂಮಧ್ಯರೇಖೆಯಿಂದ ಮೇಲಕ್ಕೋ ಕೆಳಕ್ಕೋ ಹೋದಂತೆ ಉದ್ದ ಗೆರೆಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಆದ್ದರಿಂದ ಪೂರ್ವ ಪಶ್ಚಿಮದ ಡಿಗ್ರಿ ಸ್ವಲ್ಪ ಸಣ್ಣದಾಗುತ್ತದೆ.

ಅಗತ್ತಿಯೂ ಪೋರ್ಟ್ ಬ್ಲೇರ್‌ನೂ ಹೆಚ್ಚು ಕಡಿಮೆ ಒಂದೇ ಅಡ್ಡ ಗೆರೆಯ ಮೇಲಿವೆ, ಎರಡೂ 11 ಡಿಗ್ರಿಯ ಆಸುಪಾಸಿನಲ್ಲಿ. ಅಗತ್ತಿಯ ರೇಖಾಂಶ 72 ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಪೋರ್ಟ್ ಬ್ಲೇರ್‌ನದು 92 ಮುಕ್ಕಾಲಿಗೆ ಹತ್ತಿರ. ನಡುವಿನ ಅಂತರ ಇಪ್ಪತ್ತೂವರೆ ಡಿಗ್ರಿ. ಆ ಅಕ್ಷಾಂಶದಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 109 ಕಿ.ಮೀ. ಗುಣಿಸಿದರೆ ಸುಮಾರು 2,240 ಕಿ.ಮೀ. ಆಯಿತು. ಇದು ಹಕ್ಕಿ ಹಾರಿದ ದೂರ. ಸಮುದ್ರ, ಕೇರಳ, ತಮಿಳುನಾಡು, ಮತ್ತೆ ಸಮುದ್ರ, ಎಲ್ಲವನ್ನೂ ದಾಟಿದ ನೇರ ದಾರಿ.

ದೂರ ಅಳೆಯುವ ಈ ವಿದ್ಯೆಯಲ್ಲಿ ನಮ್ಮ ಪೂರ್ವಿಕ ವಿದ್ವಾಂಸರು ಬಹಳ ಶ್ರಮಪಟ್ಟಿದ್ದಾರೆ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಅಲ್ ಬೀರೂನಿ ಎಂಬ ಮಹಾ ಪಂಡಿತರು 11ನೆಯ ಶತಮಾನದಲ್ಲಿ, ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನಾ ಕೋಟೆಯ ಬೆಟ್ಟದ ಮೇಲೆ ನಿಂತು, ಬೆಟ್ಟದ ಎತ್ತರವನ್ನೂ ದಿಗಂತ ಎಷ್ಟು ಕೆಳಗೆ ಕಾಣುತ್ತದೆ ಎಂಬುದನ್ನೂ ಅಳೆದು ಭೂಮಿಯ ಗಾತ್ರವನ್ನು ಲೆಕ್ಕ ಹಾಕಿದರು. ಗಝ್ನಿಯಿಂದ ಕಿಬ್ಲಾ ಯಾವ ದಿಕ್ಕಿಗೆ ಎಂದು ನಿಖರವಾಗಿ ತಿಳಿಯಲು ಅವರು ಒಂದು ಗ್ರಂಥವನ್ನೇ ಬರೆದರು. ಅದು ಮುಗಿದದ್ದು ಕ್ರಿ.ಶ. 1025ರಲ್ಲಿ. ಊರಿಂದೂರಿಗೆ ಕಾರವಾನ್ ದಾರಿ ಎಷ್ಟು ಎಂಬ ಲೆಕ್ಕ ತೆಗೆದುಕೊಂಡು, ದಾರಿಯ ಅಂಕುಡೊಂಕಿಗೆ ಒಂದಷ್ಟು ಕಳೆದು, ಉಳಿದದ್ದನ್ನು ನೇರ ದೂರವೆಂದು ಹಿಡಿದು ಊರುಗಳ ನಡುವಿನ ರೇಖಾಂಶದ ಅಂತರ ಕಂಡುಹಿಡಿದರು. ಇಂದು ನಾವು ಅಟ್ಲಾಸ್ ನೋಡಿ ಎರಡು ನಿಮಿಷದಲ್ಲಿ ಮಾಡುವ ಕೆಲಸಕ್ಕೆ ಅವರು ವರ್ಷಗಟ್ಟಲೆ ದುಡಿದರು.

ಹೊತ್ತಿನ ಲೆಕ್ಕ

ಇನ್ನು ಹೊತ್ತು. ದೊಡ್ಡ ಜೆಟ್ ವಿಮಾನ ಗಂಟೆಗೆ ಸುಮಾರು 800 ಕಿ.ಮೀ. ಹೋಗುತ್ತದೆ ಎಂದು ಇಟ್ಟುಕೊಳ್ಳಿ. ಮೇಲಕ್ಕೆ ಏರುವಾಗ ಮತ್ತು ಇಳಿಯುವಾಗ ಅದು ನಿಧಾನ. ನೆಲದ ಮೇಲೆ ಓಡಾಡುವುದಕ್ಕೂ ಹೊತ್ತು ಬೇಕು. ಆದ್ದರಿಂದ ದೂರವನ್ನು 800ರಿಂದ ಭಾಗಿಸಿ, ಬಂದದ್ದಕ್ಕೆ ಅರ್ಧ ಗಂಟೆ ಸೇರಿಸಿದರೆ ಟಿಕೆಟ್ಟಿನಲ್ಲಿ ಬರೆದಿರುವ ಹೊತ್ತಿಗೆ ಹತ್ತಿರ ಬರುತ್ತದೆ. ಎದುರುಗಾಳಿ ಇದ್ದರೆ ತುಸು ಹೆಚ್ಚು, ಹಿಂದಿನಿಂದ ಗಾಳಿ ತಳ್ಳಿದರೆ ತುಸು ಕಡಿಮೆ. ಒಂದೇ ದಾರಿಯಲ್ಲಿ ಹೋಗುವಾಗಿನ ಹೊತ್ತಿಗೂ ಬರುವಾಗಿನ ಹೊತ್ತಿಗೂ ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ, ಕಾರಣ ಗಾಳಿಯೇ.

ಈ ಲೆಕ್ಕದಂತೆ ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ಮೂರೂಕಾಲು ಗಂಟೆಯ ಮೇಲೆ ಸ್ವಲ್ಪ ಹಿಡಿಯಬೇಕು. ಆದರೆ ಇದು ಕಾಗದದ ಮೇಲಿನ ಮಾತು. ಅಗತ್ತಿಯ ಓಡುದಾರಿ ಕೇವಲ 1,200 ಮೀಟರ್‌ನಷ್ಟು ಉದ್ದ. ದ್ವೀಪದ ತೆಳ್ಳನೆಯ ದಕ್ಷಿಣದ ತುದಿಯಲ್ಲಿ, ಎರಡೂ ಕಡೆ ನೀರು ಇಟ್ಟುಕೊಂಡು ಅದು ಮಲಗಿದೆ. 1988ರಲ್ಲಿ ವಿಮಾನ ಬರಲು ಆರಂಭಿಸಿದಾಗಿನಿಂದ ಅಲ್ಲಿಗೆ ಬರುವುದು ರೆಕ್ಕೆಗೆ ಪಂಖ ಇರುವ ಸಣ್ಣ ವಿಮಾನಗಳು. ಈಗ ಬರುವ ಎಟಿಆರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಜನ ತುಂಬಿಕೊಂಡರೆ ಒಂದೇ ಹಾರಿಕೆಯಲ್ಲಿ ಅದು ಸುಮಾರು 1,500 ಕಿ.ಮೀ. ಹೋದರೆ ಹೆಚ್ಚು. 2,240 ಕಿ.ಮೀ. ಅದರ ಕೈಗೆ ಸಿಗುವುದಲ್ಲ. ಪೋರ್ಟ್ ಬ್ಲೇರ್‌ನ ಓಡುದಾರಿಯಾದರೋ 3,200 ಮೀಟರ್‌ಗಿಂತ ಉದ್ದ, ಅಲ್ಲಿ ದೊಡ್ಡ ಜೆಟ್ ಸಲೀಸಾಗಿ ಇಳಿಯುತ್ತದೆ. ಒಂದು ದ್ವೀಪಕ್ಕೆ ಬರುವ ವಿಮಾನ ಇನ್ನೊಂದಕ್ಕೆ ಮುಟ್ಟುವುದಿಲ್ಲ, ಇನ್ನೊಂದಕ್ಕೆ ಬರುವ ವಿಮಾನ ಇದರಲ್ಲಿ ಇಳಿಯುವುದಿಲ್ಲ. ನಡುವೆ ಎಲ್ಲಿಯಾದರೂ ಇಳಿದು ಬದಲಾಯಿಸಲೇಬೇಕು.

ಹಾಗೆ ಬದಲಾಯಿಸಬಹುದಾದ ಒಂದು ಜಾಗ ನಮ್ಮ ಬೆಂಗಳೂರು. 2024ರ ಮಾರ್ಚ್ 31ರಂದು ಇಂಡಿಗೋ ಕಂಪನಿ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಆರಂಭಿಸಿತು. ಅದಕ್ಕೆ ಮೊದಲು ಹೆಚ್ಚಿನವರು ಕೊಚ್ಚಿಯಿಂದ ಹೋಗುತ್ತಿದ್ದರು, ಅಲ್ಲಿಂದ ಅಗತ್ತಿ ಸುಮಾರು 470 ಕಿ.ಮೀ. ಬೆಂಗಳೂರಿನಿಂದ ಅಗತ್ತಿ ಸುಮಾರು 660 ಕಿ.ಮೀ., ಪೋರ್ಟ್ ಬ್ಲೇರ್ ಸುಮಾರು 1,640 ಕಿ.ಮೀ. ಎರಡನ್ನೂ ಕೂಡಿಸಿ ನೋಡಿ: 2,300. ನೇರ ದಾರಿ 2,240 ಇತ್ತು. ಬೆಂಗಳೂರಿಗೆ ಬಂದು ಹೋದರೂ ಹೆಚ್ಚಾದದ್ದು ಅರವತ್ತೇ ಕಿಲೋಮೀಟರ್! ಸುತ್ತು ಎಂದು ನಾವು ತಿಳಿದದ್ದು ದೂರದ ದೃಷ್ಟಿಯಿಂದ ಸುತ್ತೇ ಅಲ್ಲ.

ಆದರೆ ಹೊತ್ತಿನ ದೃಷ್ಟಿಯಿಂದ? ಅಗತ್ತಿಯಿಂದ ಬೆಂಗಳೂರಿಗೆ ಎಟಿಆರ್‌ನಲ್ಲಿ ಒಂದೂ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ಜೆಟ್‌ನಲ್ಲಿ ಎರಡೂವರೆ ಗಂಟೆಯ ಮೇಲೆ. ಹಾರುವ ಹೊತ್ತು ನಾಲ್ಕೂವರೆ ಗಂಟೆ ದಾಟಲಿಲ್ಲ. ನಡುವೆ ಮುಂದಿನ ವಿಮಾನಕ್ಕೆ ಕಾಯುವುದು ಮೂರು ಗಂಟೆಯೂ ಆಗಬಹುದು, ಹದಿನೈದು ಗಂಟೆಯೂ ಆಗಬಹುದು. ಇಳಿದ ದಿನ ಮುಂದಿನ ವಿಮಾನ ತಪ್ಪಿದ್ದರೆ ರಾತ್ರಿ ಬೆಂಗಳೂರಿನಲ್ಲೇ. ಈಚಿನ ಪ್ರಯಾಣದಲ್ಲಿ ದೂರ ನುಂಗುವುದಕ್ಕಿಂತ ಕಾಯುವುದು ಹೆಚ್ಚು ಹೊತ್ತು ನುಂಗುತ್ತದೆ. ಹೋಗುವವರು ಟಿಕೆಟ್ ತೆಗೆಸುವಾಗ ಎರಡು ವಿಮಾನಗಳ ನಡುವಿನ ಬಿಡುವನ್ನು ಮೊದಲು ನೋಡಬೇಕು, ದರವನ್ನು ಆಮೇಲೆ. ಲಕ್ಷದ್ವೀಪಕ್ಕೆ ಹೊರಗಿನವರು ಹೋಗಲು ಪ್ರವೇಶ ಪರವಾನಗಿ ಬೇಕು ಎಂಬುದೂ ನೆನಪಿರಲಿ. ಅದು ಕೈಗೆ ಬರುವ ದಿನಗಳನ್ನೂ ಲೆಕ್ಕಕ್ಕೆ ಸೇರಿಸಬೇಕು.

ಲಕ್ಷದ್ವೀಪ ನಮಗೆ ಪರಕೀಯವೂ ಅಲ್ಲ. ಅಲ್ಲಿಯ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ದ್ವೀಪಗಳು 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನರ ಆಡಳಿತಕ್ಕೆ ಸೇರಿದ್ದವು. 1799ರ ನಂತರ ಕಂಪನಿಯವರ ಕೈ ಸೇರಿ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನ ಅಧೀನದಲ್ಲಿದ್ದವು. 1956ರ ನವೆಂಬರ್ 1ರಂದು ಅವು ಬೇರೆಯಾಗಿ ಕೇಂದ್ರಾಡಳಿತಕ್ಕೆ ಹೋದವು. ಅದೇ ದಿನ ನಮ್ಮ ಕೊಪ್ಪಳ ಸೀಮೆ ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡು ಕನ್ನಡ ನಾಡನ್ನು ಸೇರಿತು. ಅಂದರೆ ನಾವು ಒಳಗೆ ಬಂದ ದಿನವೇ ಅವರು ಹೊರಗೆ ಹೋದರು. ಇಂದಿಗೂ ಮಂಗಳೂರಿನ ಹಳೆಯ ಬಂದರಿನಿಂದ ಆ ದ್ವೀಪಗಳಿಗೆ ಸಾಮಾನು ಹೊತ್ತ ಮಂಜಿಗಳು ಹೋಗುತ್ತವೆ. ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ಯಾವ ದ್ವೀಪ ಎಂಬುದರ ಮೇಲೆ 14ರಿಂದ 18 ಗಂಟೆ. ವಿಮಾನ ಅಗತ್ತಿಯಲ್ಲಿ ಇಳಿಸಿದರೂ ಬೇರೆ ದ್ವೀಪದವರು ಮತ್ತೆ ದೋಣಿ ಹತ್ತಬೇಕು. ಅಲ್ಲಿಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ಕಷ್ಟವಾದರೆ ಹೆಲಿಕಾಪ್ಟರ್‌ನಲ್ಲಿ ಸಾಗಿಸಬೇಕಾಗುತ್ತದೆ, ಹವೆ ಕೆಟ್ಟಿದ್ದರೆ ಅದೂ ತಡ. ನಮ್ಮಲ್ಲಿ ರಾತ್ರಿ ಹನ್ನೆರಡಕ್ಕೂ ಗಾಡಿ ಮಾಡಿಕೊಂಡು ಕೊಪ್ಪಳದ ದೊಡ್ಡಾಸ್ಪತ್ರೆಗೆ ಹೋಗಬಹುದಾದದ್ದು ಎಷ್ಟು ದೊಡ್ಡ ನಿಅ್‌ಮತ್ ಎಂಬುದು ಆ ಸಹೋದರಿಯರನ್ನು ನೆನೆದಾಗ ತಿಳಿಯುತ್ತದೆ.

ಗಡಿಯಾರ ಒಂದೇ, ಸೂರ್ಯ ಬೇರೆ

ಈಗ ಇನ್ನೊಂದು ವಿಷಯಕ್ಕೆ ಬರೋಣ. ಅಗತ್ತಿಯಲ್ಲೂ ಪೋರ್ಟ್ ಬ್ಲೇರ್‌ನಲ್ಲೂ ಗಡಿಯಾರ ಒಂದೇ, ಭಾರತದ ಗಡಿಯಾರ. ಅದನ್ನು 82 ಡಿಗ್ರಿ 30 ಮಿನಿಟಿನ ರೇಖಾಂಶಕ್ಕೆ ಹೊಂದಿಸಿದ್ದಾರೆ. ಸೂರ್ಯ ಒಂದು ಡಿಗ್ರಿ ದಾಟಲು ನಾಲ್ಕು ನಿಮಿಷ ಬೇಕು. ಲೆಕ್ಕ ಮಾಡಿದರೆ, ವರ್ಷದ ಸರಾಸರಿಯಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದು 11 ಗಂಟೆ 19 ನಿಮಿಷಕ್ಕೆ. ಅಗತ್ತಿಯಲ್ಲಿ 12 ಗಂಟೆ 41 ನಿಮಿಷಕ್ಕೆ. ಒಂದು ಕಡೆ 41 ನಿಮಿಷ ಮುಂದೆ, ಇನ್ನೊಂದು ಕಡೆ 41 ನಿಮಿಷ ಹಿಂದೆ. ದೇಶದ ಗಡಿಯಾರದ ಗೆರೆ ಈ ಎರಡು ದ್ವೀಪಗಳ ನಟ್ಟನಡುವೆ ನಿಂತಂತಿದೆ. ನಮ್ಮ ಕೊಪ್ಪಳದಲ್ಲಿ ಅದು 12 ಗಂಟೆ 25ಕ್ಕೆ.

ಇದರ ಪರಿಣಾಮ ನಮಾಝ್ ಮತ್ತು ಉಪವಾಸದ ಮೇಲೆ ಆಗುತ್ತದೆ. ಹಗಲು ರಾತ್ರಿ ಸಮವಾಗಿರುವ ಮಾರ್ಚ್ ತಿಂಗಳ ಮೂರನೆಯ ವಾರವನ್ನು ತೆಗೆದುಕೊಳ್ಳಿ. ಆಗ ಕೊಪ್ಪಳದಲ್ಲಿ ಸೂರ್ಯ ಮುಳುಗುವುದು ಸುಮಾರು 6 ಗಂಟೆ 35ಕ್ಕೆ, ಅಗತ್ತಿಯಲ್ಲಿ 6 ಗಂಟೆ 50ಕ್ಕೆ, ಪೋರ್ಟ್ ಬ್ಲೇರ್‌ನಲ್ಲಿ 5 ಗಂಟೆ 30ಕ್ಕೆ. ಮಗ ಅಂಡಮಾನ್‌ನಿಂದ ಸಂಜೆ ಐದೂವರೆಗೆ ಫೋನ್ ಮಾಡಿ ‘ಅಮ್ಮಾ, ಇಫ್ತಾರ್ ಆಯಿತು’ ಎಂದರೆ ಇಲ್ಲಿ ತಾಯಿಗೆ ಎದೆ ಧಸಕ್ಕೆನ್ನಬಹುದು. ಆತ ಹೇಳಿದ್ದು ಸರಿಯೇ. ಅಲ್ಲಿ ಸಹರಿಯೂ ಅಷ್ಟೇ ಬೇಗ ಮುಗಿದಿರುತ್ತದೆ.

ಉಪವಾಸವಿದ್ದು ವಿಮಾನ ಹತ್ತಿದವರಿಗೆ ಇದು ಇನ್ನೂ ಮುಖ್ಯ. ಅದೇ ದಿನ ಪೋರ್ಟ್ ಬ್ಲೇರ್‌ನಿಂದ ಮಧ್ಯಾಹ್ನ ಮೂರೂವರೆಗೆ ಹೊರಟ ವಿಮಾನ ಬೆಂಗಳೂರು ಮುಟ್ಟುವುದು ಸಂಜೆ ಆರು ದಾಟಿದ ಮೇಲೆ. ಐದೂವರೆಗೆ ಪೋರ್ಟ್ ಬ್ಲೇರ್‌ನಲ್ಲಿ ಅಝಾನ್ ಆಗಿರುತ್ತದೆ, ಆದರೆ ವಿಮಾನದ ಕಿಟಕಿಯಲ್ಲಿ ಸೂರ್ಯ ಇನ್ನೂ ಬೆಳಗುತ್ತಿರುತ್ತಾನೆ. ಹೊರಟ ಊರಿನ ವೇಳಾಪಟ್ಟಿ ನೋಡಿ ಇಫ್ತಾರ್ ಮಾಡುವುದು ಸರಿಯಲ್ಲ. ತಾನು ಇರುವಲ್ಲಿ ಸೂರ್ಯ ಮುಳುಗಬೇಕು. ಎತ್ತರದಲ್ಲಿ ಹಾರುವಾಗ ನೆಲದವರಿಗಿಂತ ಕೆಲವು ನಿಮಿಷ ಹೆಚ್ಚು ಹೊತ್ತು ಸೂರ್ಯ ಕಾಣುತ್ತಾನೆ ಎಂಬುದೂ ತಿಳಿದಿರಲಿ. ಪಶ್ಚಿಮಕ್ಕೆ ಹೋಗುವವರ ಉಪವಾಸ ಉದ್ದವಾಗುತ್ತದೆ, ಪೂರ್ವಕ್ಕೆ ಹೋಗುವವರದು ಗಿಡ್ಡವಾಗುತ್ತದೆ. ತೀರ ಕಷ್ಟವಾಗುವವರಿಗೆ ಪ್ರಯಾಣಿಕರಿಗೆ ಇರುವ ರಿಯಾಯಿತಿ ಇದ್ದೇ ಇದೆ, ಆಮೇಲೆ ಕಝಾ ಮಾಡಬಹುದು.

ಹರದಾರಿಯೂ ಫರ್ಸಖ್‌ವೂ

ಮದ್ರಸದಲ್ಲಿ ಸಫರ್‌ನ ಪಾಠ ಓದುವಾಗ ದೂರ ಮತ್ತು ಹೊತ್ತು ಒಂದೇ ಮಾತಿನಲ್ಲಿ ಬರುತ್ತವೆ. ಹನಫಿ ಫಿಕ್‌ಹ್‌ನಲ್ಲಿ ಮುಸಾಫಿರ್ ಯಾರು ಎಂದರೆ, ಮಧ್ಯಮ ನಡಿಗೆಯಲ್ಲಿ ಮೂರು ದಿನದ ದಾರಿಗೆ ಹೊರಟವನು. ಅಂದರೆ ಅಳತೆ ಹೊತ್ತಿನದು. ನಮ್ಮ ದೇಶದ ಉಲಮಾಗಳು ಜನರಿಗೆ ಸುಲಭವಾಗಲೆಂದು ಅದನ್ನು 48 ಮೈಲಿ, ಅಂದರೆ ಸುಮಾರು 78 ಕಿ.ಮೀ. ಎಂದು ಗೊತ್ತುಪಡಿಸಿದರು. ಲಕ್ಷದ್ವೀಪದವರು ಶಾಫಿಈ ಮದ್‌ಹಬ್‌ನವರು. ಅವರ ಕಿತಾಬುಗಳಲ್ಲಿ ಲೆಕ್ಕ ಫರ್ಸಖ್‌ನಲ್ಲಿ, 16 ಫರ್ಸಖ್. ಒಂದು ಫರ್ಸಖ್‌ಗೆ ಮೂರು ಮೈಲಿ. ನಮ್ಮ ಸೀಮೆಯ ಹಿರಿಯರು ಹೇಳುವ ಹರದಾರಿಯೂ ಮೂರು ಮೈಲಿಯೇ ಅಲ್ಲವೇ! ಅರಬ್ಬರ ಮೈಲಿಗೂ ನಮ್ಮ ಮೈಲಿಗೂ ವ್ಯತ್ಯಾಸವಿದ್ದರೂ, ದೂರವನ್ನು ಕಾಲ್ನಡಿಗೆಯಿಂದ ಅಳೆಯುವ ಬುದ್ಧಿ ಎರಡೂ ಕಡೆ ಒಂದೇ.

ವಿಮಾನ 78 ಕಿ.ಮೀ. ದಾಟಲು ಆರು ನಿಮಿಷ ಸಾಕು. ಹಾಗೆಂದು ಮುಸಾಫಿರ್‌ನ ಹುಕುಮ್ ಹೋಗುವುದಿಲ್ಲ. ದೂರ ನೋಡಿಯೇ ಕಸ್ರ್ ಮಾಡುತ್ತಾರೆ. ವೇಗ ಹೆಚ್ಚಾದರೂ ಊರು ಬಿಟ್ಟವನು ಊರು ಬಿಟ್ಟವನೇ. ಅವನ ಕಷ್ಟವನ್ನು ನಮ್ಮ ದೀನ್ ಇಂದಿಗೂ ಕಷ್ಟವೆಂದೇ ಎಣಿಸುತ್ತದೆ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಯ ಬಾಗಿಲಿನಿಂದ ಬಾಗಿಲಿಗೆ

ಟಿಕೆಟ್ಟಿನಲ್ಲಿ ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ಎರಡೂವರೆ ಗಂಟೆ ಚಿಲ್ಲರೆ ಎಂದಿದೆ. ಆದರೆ ಇರಕಲ್ಲಗಡದ ಮನೆಯಿಂದ? ಊರಿನಿಂದ ಕೊಪ್ಪಳಕ್ಕೆ ಬಸ್ಸು, ನಿಲ್ದಾಣದಲ್ಲಿ ಕಾಯುವುದು, ಎರಡು ಗಂಟೆ. ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿಯೆಲ್ಲ ರೈಲಿನಲ್ಲಿ, ಹತ್ತು ಗಂಟೆ ಹಿಡಿಯಿರಿ. ಕೊಪ್ಪಳದಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 305 ಕಿ.ಮೀ., ಆದರೆ ರೈಲು ಬಳ್ಳಾರಿ ಗುಂತಕಲ್ ಸುತ್ತಿಕೊಂಡು ಹೋಗುತ್ತದೆ. ಬೆಂಗಳೂರಿನಲ್ಲಿ ಇಳಿದು ಮುಖ ತೊಳೆದು ದೇವನಹಳ್ಳಿಯ ನಿಲ್ದಾಣ ಸೇರಲು ಎರಡು ಗಂಟೆ. ವಿಮಾನಕ್ಕೆ ಎರಡು ಗಂಟೆ ಮೊದಲೇ ಇರಬೇಕು. ಹಾರಾಟ ಎರಡೂವರೆ ಗಂಟೆಯ ಮೇಲೆ. ಇಳಿದು ಪೆಟ್ಟಿಗೆ ತೆಗೆದುಕೊಂಡು ಕೋಣೆ ಸೇರಲು ಒಂದು ಗಂಟೆ. ಕೂಡಿಸಿದರೆ ಇಪ್ಪತ್ತು ಗಂಟೆ. ಆಕಾಶದಲ್ಲಿ ಕಳೆದದ್ದು ಎಂಟರಲ್ಲಿ ಒಂದು ಪಾಲು ಮಾತ್ರ.

ಈ ಲೆಕ್ಕ ತಿಳಿಯದೆ ನಮ್ಮ ಭಾಗದ ಒಂದು ಮನೆ ಒಡೆಯಿತು. ಹೆಸರು ಬೇಡ. ತಂದೆ ರಾತ್ರಿ ಹನ್ನೊಂದಕ್ಕೆ ತೀರಿಕೊಂಡರು. ಕಿರಿಯ ಮಗ ಅಂಡಮಾನ್‌ನಲ್ಲಿ. ಸುದ್ದಿ ಮುಟ್ಟಿತು. ಸಿಕ್ಕ ಮೊದಲ ಟಿಕೆಟ್ಟು ಮರುದಿನ ಬೆಳಿಗ್ಗೆಯದು. ಬೆಂಗಳೂರಿಗೆ ಬರುವಷ್ಟರಲ್ಲಿ ಮಧ್ಯಾಹ್ನ. ಅಲ್ಲಿಂದ ಕಾರು ಮಾಡಿಕೊಂಡರೂ ಊರು ಸೇರಲು ರಾತ್ರಿ. ಬೇಸಿಗೆಯ ಕಾಲ, ಮಯ್ಯಿತನ್ನು ಇಡುವಂತಿರಲಿಲ್ಲ, ಜನಾಝಕ್ಕೆ ತಡ ಮಾಡಬಾರದು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಅಸ್ರ್ ನಂತರ ದಫನ್ ಆಯಿತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಆದರೆ ಅಂಗಳದಲ್ಲಿ ಕುಳಿತ ಹೆಂಗಸರಲ್ಲಿ ಯಾರೋ ಒಬ್ಬರು, ‘ಎರಡೂವರೆ ತಾಸಿನ ದಾರಿ, ಮನಸ್ಸಿದ್ದರೆ ಬೆಳಿಗ್ಗೆಯೇ ಬರುತ್ತಿದ್ದ’ ಎಂದರು. ಆ ಮಾತು ತಾಯಿಯ ಕಿವಿಗೆ ಬಿತ್ತು. ರಾತ್ರಿ ಹತ್ತಕ್ಕೆ ಮಗ ಬಂದು ಬಾಗಿಲಲ್ಲಿ ನಿಂತಾಗ ತಾಯಿ ಮುಖ ತಿರುಗಿಸಿದರು. ಆತ ಹಿಂದಿನ ರಾತ್ರಿಯಿಂದ ಒಂದು ತುತ್ತು ತಿಂದಿರಲಿಲ್ಲ. ತಂದೆಯ ಮುಖ ನೋಡಲಾಗದ ದುಃಖದ ಮೇಲೆ ಈ ದುಃಖವೂ ಬಿತ್ತು. ಮೂರು ವರ್ಷ ತಾಯಿ ಮಗನ ನಡುವೆ ಸರಿಯಾದ ಮಾತು ಇರಲಿಲ್ಲ. ಕೊನೆಗೆ ಸೊಸೆಯೇ ಒಂದು ಕಾಗದದ ಮೇಲೆ ಆ ದಿನದ ಗಂಟೆಗಳನ್ನು ಒಂದೊಂದಾಗಿ ಬರೆದು ಅತ್ತೆಗೆ ಓದಿ ಹೇಳಿದಳಂತೆ. ಎಷ್ಟಕ್ಕೆ ಫೋನ್, ಎಷ್ಟಕ್ಕೆ ವಿಮಾನ, ಎಷ್ಟಕ್ಕೆ ಬೆಂಗಳೂರು, ಎಷ್ಟಕ್ಕೆ ಚಿತ್ರದುರ್ಗ. ಕೇಳಿ ಆ ತಾಯಿ ಅತ್ತರು, ಮಗನನ್ನು ಕರೆಸಿಕೊಂಡರು. ಅಲ್‌ಹಮ್ದುಲಿಲ್ಲಾಹ್.

ಸಹೋದರಿಯರೇ, ಒಬ್ಬರ ಪ್ರೀತಿಯನ್ನು ವಿಮಾನದ ಗಂಟೆಯಿಂದ ಅಳೆಯಬೇಡಿ. ಸಾವಿನ ಮನೆಯಲ್ಲಿ ಒಂದು ಮಾತು ಆಡುವ ಮೊದಲು ದಾರಿಯನ್ನು ಪೂರ್ತಿ ಎಣಿಸಿ. ದೂರದಲ್ಲಿ ಮಕ್ಕಳಿರುವ ಮನೆಯವರು ಒಂದು ವಿಷಯವನ್ನು ಮೊದಲೇ, ಎಲ್ಲರೂ ನೆಮ್ಮದಿಯಾಗಿರುವಾಗಲೇ ಮಾತಾಡಿ ಇಟ್ಟುಕೊಳ್ಳುವುದು ಒಳ್ಳೆಯದು: ಹಾಗೇನಾದರೂ ಆದರೆ ಎಷ್ಟು ಹೊತ್ತು ಕಾಯಬಹುದು, ಯಾವಾಗ ಕಾಯಬಾರದು. ಆಗ ಬಂದವನಿಗೂ ಅಪರಾಧಿ ಭಾವ ಇರುವುದಿಲ್ಲ, ಇದ್ದವರಿಗೂ ಮುನಿಸು ಇರುವುದಿಲ್ಲ.

ಟಿಕೆಟ್ ಓದುವುದು

ಕೊನೆಯದಾಗಿ, ಮನೆಯಲ್ಲಿರುವ ನಾವು ಟಿಕೆಟ್ ಓದಲು ಕಲಿಯಬೇಕು. ಮೂರು ಸಂಗತಿ ತಿಳಿದರೆ ಸಾಕು.

ಒಂದು, ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಮುಟ್ಟುವ ಹೊತ್ತು ಮುಟ್ಟುವ ಊರಿನದು. ದೇಶದೊಳಗೆ ಇದರಿಂದ ತೊಂದರೆ ಇಲ್ಲ. ಹೊರದೇಶವಾದರೆ ಲೆಕ್ಕ ತಪ್ಪುತ್ತದೆ. ಎರಡು ದ್ವೀಪ ದೇಶಗಳ ಉದಾಹರಣೆ ನೋಡಿ. ಶ್ರೀಲಂಕಾದ ಕೊಲಂಬೊ ನಿಲ್ದಾಣದಿಂದ ಮಾಲ್ಡೀವ್ಸ್‌ನ ಮಾಲೆ ನಿಲ್ದಾಣಕ್ಕೆ ಸುಮಾರು 780 ಕಿ.ಮೀ., ಒಂದೂವರೆ ಗಂಟೆಯ ಹಾರಾಟ. ಮಾಲೆಯ ಗಡಿಯಾರ ಅರ್ಧ ಗಂಟೆ ಹಿಂದೆ. ಹತ್ತಕ್ಕೆ ಹೊರಟವನು ಹನ್ನೊಂದಕ್ಕೆ ಇಳಿದಂತೆ ಟಿಕೆಟ್ ತೋರಿಸುತ್ತದೆ. ಹಿಂದಿರುಗುವಾಗ ಹತ್ತಕ್ಕೆ ಹೊರಟವನು ಹನ್ನೆರಡಕ್ಕೆ ಇಳಿಯುತ್ತಾನೆ. ದಾರಿ ಒಂದೇ, ಹೋಗುವಾಗ ಒಂದು ಗಂಟೆ, ಬರುವಾಗ ಎರಡು ಗಂಟೆ ಎಂದು ಕಂಡರೆ ಅದು ಗಡಿಯಾರದ ಆಟ. ಬಹರೈನ್‌ ಕೂಡ ದ್ವೀಪವೇ, ಅದರ ನಿಲ್ದಾಣ ಮುಹರ್ರಕ್ ಎಂಬ ದ್ವೀಪದಲ್ಲಿದೆ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಬೆಂಗಳೂರಿನಿಂದ ಬೆಳಗಿನ ಐದಕ್ಕೆ ಹೊರಟ ವಿಮಾನ ಅಲ್ಲಿ ಏಳಕ್ಕೆ ಇಳಿಯುತ್ತದೆ ಎಂದಿದ್ದರೆ ಪ್ರಯಾಣ ಎರಡು ಗಂಟೆಯದಲ್ಲ, ನಾಲ್ಕೂವರೆ ಗಂಟೆಯದು. ನಿಮ್ಮ ಗಡಿಯಾರದಲ್ಲಿ ಒಂಬತ್ತೂವರೆ ಆಗುವವರೆಗೆ ಫೋನ್ ಬರಲಿಲ್ಲ ಎಂದು ಅಳಬೇಡಿ. ಇಳಿದ ಮೇಲೂ ಹೊರಗೆ ಬರಲು ಒಂದು ಗಂಟೆ ಬಿಡಿ.

ಎರಡು, ಗಂಟೆಯನ್ನು 24ರ ಲೆಕ್ಕದಲ್ಲಿ ಬರೆದಿರುತ್ತಾರೆ. 14 ಎಂದರೆ ಮಧ್ಯಾಹ್ನ ಎರಡು, 19 ಎಂದರೆ ಸಂಜೆ ಏಳು. ಹನ್ನೆರಡಕ್ಕಿಂತ ಹೆಚ್ಚಿದ್ದರೆ ಹನ್ನೆರಡು ಕಳೆಯಿರಿ.

ಮೂರು, ನಡುರಾತ್ರಿಯ ತಾರೀಖು. ಹೆಚ್ಚು ಜನ ಎಡವುವುದು ಇಲ್ಲಿಯೇ. 12ನೆಯ ತಾರೀಖು 00.40 ಎಂದು ಬರೆದಿದ್ದರೆ ಅದು 11ರ ರಾತ್ರಿ ಇಶಾ ಮುಗಿಸಿ ಮಲಗುವ ಹೊತ್ತು. ವಿಮಾನ ನಿಲ್ದಾಣದಲ್ಲಿ 11ರ ರಾತ್ರಿಯೇ ಇರಬೇಕು, ಅಂದರೆ ಕೊಪ್ಪಳದಿಂದ 10ರ ರಾತ್ರಿಯ ರೈಲು ಹತ್ತಬೇಕು ಅಥವಾ 11ರ ಮುಂಜಾನೆ ಬಸ್ಸು. 12ರ ಬೆಳಿಗ್ಗೆ ಬ್ಯಾಗು ಕಟ್ಟಲು ಕುಳಿತರೆ ವಿಮಾನ ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಹೀಗೆ ವಿಮಾನ ತಪ್ಪಿಸಿಕೊಂಡು, ಸಾಲ ಮಾಡಿ ತೆಗೆದ ಟಿಕೆಟ್ಟಿನ ದುಡ್ಡು ಕಳೆದುಕೊಂಡವರು ಇದ್ದಾರೆ. ನಮ್ಮಲ್ಲಿ ಮಗ್ರಿಬ್‌ಗೆ ದಿನ ಬದಲಾಗುತ್ತದೆ, ವಿಮಾನದವರಿಗೆ ನಡುರಾತ್ರಿ ಹನ್ನೆರಡಕ್ಕೆ.

ಮನೆಯಲ್ಲಿ ಒಂದು ಸಣ್ಣ ನೋಟುಪುಸ್ತಕ ಇಡಿ. ಯಾರಾದರೂ ಹೊರಟಾಗ ವಿಮಾನದ ನಂಬರು, ಹೊರಡುವ ಹೊತ್ತು, ನಮ್ಮ ಗಡಿಯಾರದಲ್ಲಿ ಮುಟ್ಟುವ ಹೊತ್ತು, ಅಲ್ಲಿಯ ಗಡಿಯಾರದಲ್ಲಿ ಮುಟ್ಟುವ ಹೊತ್ತು, ಅಲ್ಲಿ ಬರಮಾಡಿಕೊಳ್ಳುವವರ ಫೋನ್ ಇಷ್ಟನ್ನು ಬರೆದಿಡಿ. ಈ ಕೆಲಸವನ್ನು ಗಂಡುಮಕ್ಕಳಿಗೇ ಬಿಡಬೇಡಿ. ಶಾಲೆಗೆ ಹೋಗುವ ಹೆಣ್ಣುಮಗಳಿಗೆ ಅಟ್ಲಾಸ್ ಕೊಟ್ಟು, ‘ನಿನ್ನ ಅಣ್ಣ ಇರುವ ಊರು ಎಷ್ಟು ಡಿಗ್ರಿಯಲ್ಲಿದೆ, ಅಲ್ಲಿ ಈಗ ಎಷ್ಟು ಗಂಟೆ, ಅಲ್ಲಿ ಮಗ್ರಿಬ್ ಎಷ್ಟಕ್ಕೆ, ಹೇಳು’ ಎಂದು ಕೇಳಿ. ಒಂದೆರಡು ಸಲ ತಪ್ಪುತ್ತಾಳೆ, ಮೂರನೆಯ ಸಲ ನಿಮಗೇ ಕಲಿಸುತ್ತಾಳೆ. ಆಮೇಲೆ ಯಾರು ಹೊರಟರೂ ಆ ನೋಟುಪುಸ್ತಕ ಅವಳ ಕೈಯಲ್ಲಿರಲಿ.

ಪ್ರಯಾಣದಲ್ಲಿರುವ ಎಲ್ಲರನ್ನೂ ಅಲ್ಲಾಹನು ಸುರಕ್ಷಿತವಾಗಿ ಅವರವರ ಮನೆ ಸೇರಿಸಲಿ. ಆಮೀನ್.